ಕಾಗೆಗಳ ನೆನಪಿನಲ್ಲಿ ಉಳಿದ ಮುಖ

ಕಾಗೆಗಳನ್ನು ಗಮನಿಸಲು ಆರಂಭಿಸಿದಾಗ ನಾನು ಹಾಕಿಕೊಂಡ ನಿಯಮ ಒಂದೇ: ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕುಳಿತು, ಕಂಡದ್ದನ್ನು ಒಂದು ಪುಟದಲ್ಲಿಯೂ, ಅದರಿಂದ ನನಗೆ ತೋಚಿದ್ದನ್ನು ಇನ್ನೊಂದು ಪುಟದಲ್ಲಿಯೂ ಬರೆಯುವುದು. ಈ ಎಚ್ಚರ ಅಗತ್ಯವೆಂದೇ ಈಗಲೂ ನಂಬಿದ್ದೇನೆ. ಆಕ್ಸ್‌ಫರ್ಡಿನಲ್ಲಿದ್ದ ಬೆಟ್ಟಿ ಎಂಬ ನ್ಯೂ ಕ್ಯಾಲೆಡೋನಿಯಾ ಜಾತಿಯ ಕಾಗೆ ನೇರ ತಂತಿಯನ್ನು ಕೊಕ್ಕೆಯಾಗಿ ಬಾಗಿಸಿ, ಕೊಳವೆಯೊಳಗಿನ ಆಹಾರವನ್ನು ಮೇಲೆತ್ತಿದ್ದು 2002ರಲ್ಲಿ ಪ್ರಕಟವಾದಾಗ, ಅದು ಆ ಹಕ್ಕಿ ಸ್ವತಃ ಕಂಡುಕೊಂಡ ಉಪಾಯವೆಂದು ಹಲವರು ಭಾವಿಸಿದರು. ಅದೇ ಜಾತಿಯ ಕಾಡಿನ ಕಾಗೆಗಳೂ ಕಡ್ಡಿಗಳನ್ನು ಬಾಗಿಸಿ ಸಾಧನ ಮಾಡಿಕೊಳ್ಳುತ್ತವೆಂಬುದು 2016ರಲ್ಲಿ ವರದಿಯಾದಾಗ, ಅದು ಆ ಜಾತಿಗೆ ಸಹಜವಾದ ನಡೆಯೂ ಆಗಿರಬಹುದೆಂದು ತಿಳಿಯಿತು.

ಮೊದಲ ವಾರಗಳಲ್ಲಿ ನನಗೆ ಯಾವ ಕಾಗೆ ಯಾವುದೆಂದು ತಿಳಿಯುತ್ತಿರಲಿಲ್ಲ. ಕೊನೆಗೆ, ಎಡರೆಕ್ಕೆಯಲ್ಲಿ ಗರಿಯೊಂದು ಉದುರಿ ಸಂದು ಬಿದ್ದಿದ್ದ ಕಾಗೆಯನ್ನು ಹಿಂಬಾಲಿಸತೊಡಗಿದೆ. ಅದು ಆಹಾರದ ಚೂರನ್ನು ಹುಲ್ಲಿನ ಬುಡಕ್ಕೆ ತುರುಕಿ, ಮೇಲೊಂದು ಒಣ ಎಲೆಯನ್ನು ಮುಚ್ಚಿ ಹೋಗುತ್ತಿತ್ತು. ಬೇರೊಂದು ಕಾಗೆ ಕೊಂಬೆಯಿಂದ ನೋಡುತ್ತಿದ್ದ ದಿನ ಮಾತ್ರ, ಆ ಕಾಗೆ ಹಾರಿಹೋಗುವವರೆಗೆ ಕಾದು, ಮರಳಿ ಬಂದು, ಬಚ್ಚಿಟ್ಟದ್ದನ್ನು ಮತ್ತೊಂದೆಡೆಗೆ ಸಾಗಿಸುತ್ತಿತ್ತು. ಇದನ್ನು ಒಂಬತ್ತು ಬಾರಿ ಕಂಡ ಮೇಲೆಯೇ ಎರಡನೆಯ ಪುಟದಲ್ಲಿ ‘ಕಳ್ಳತನದ ಭಯ’ ಎಂದು ಬರೆದೆ.

ಆ ವರ್ಷವೇ ಒಂದು ತಪ್ಪು ಮಾಡಿದೆ. ಹಾರಲು ಕಲಿಯುತ್ತಿದ್ದ ಮರಿಯೊಂದು ನೆಲದ ಮೇಲಿದ್ದುದನ್ನು ಕಂಡು, ಗಾಯಗೊಂಡಿರಬೇಕೆಂದು ತಿಳಿದು ಎತ್ತಿ ಪೊದೆಯ ಮೇಲಿಟ್ಟೆ. ಗೂಡು ಬಿಟ್ಟ ಮರಿಗಳು ಕೆಲವು ದಿನ ಹಾಗೆ ನೆಲದಲ್ಲಿರುವುದು ಸಹಜ, ತಂದೆತಾಯಿ ಅಲ್ಲಿಗೇ ಬಂದು ಉಣಿಸುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಮರುದಿನದಿಂದ ನಾನು ಕಂಡೊಡನೆ ಕಾಗೆಗಳು ಕರ್ಕಶವಾಗಿ ಕೂಗುತ್ತ ತಲೆಯ ಮೇಲೆ ಎರಗತೊಡಗಿದವು. ಬಟ್ಟೆ ಬದಲಿಸಿದರೂ, ಬೇರೆ ದಾರಿಯಿಂದ ಬಂದರೂ ಗುರುತು ಹಿಡಿದವು; ಮುಖ ಮುಚ್ಚಿಕೊಂಡು ಹೋದ ಮೂರು ದಿನ ಮಾತ್ರ ಸುಮ್ಮನಿದ್ದವು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಮಾರ್ಜ್‌ಲಫ್ ಮತ್ತು ಸಂಗಡಿಗರು 2006ರಲ್ಲಿ ಮುಖವಾಡ ಧರಿಸಿ ಕಾಗೆಗಳನ್ನು ಹಿಡಿದು ಬಿಟ್ಟಾಗ, ಆ ಮುಖವಾಡವನ್ನು ಕಂಡರೆ ಅವು ವರ್ಷಗಳ ನಂತರವೂ ಬೈಯುತ್ತಿದ್ದವು, ಹಿಡಿಯಲ್ಪಡದ ಕಾಗೆಗಳೂ ಜೊತೆಗೂಡುತ್ತಿದ್ದವು ಎಂದು ಆಮೇಲೆ ಓದಿದಾಗ, ನನ್ನ ಮೇಲೆ ಎರಗುತ್ತಿದ್ದವುಗಳ ಸಂಖ್ಯೆ ದಿನದಿನಕ್ಕೆ ಏಕೆ ಹೆಚ್ಚಿತ್ತೆಂಬುದು ಹೊಳೆಯಿತು.

ಅಂದಿನಿಂದ ಗೂಡುಕಟ್ಟುವ ಕಾಲದಲ್ಲಿ ನಾನು ಇನ್ನಷ್ಟು ದೂರದಲ್ಲಿ ಕೂರುತ್ತೇನೆ. ಮುಂದಿನ ಬಾರಿ ಗರಿ ಬದಲಾದಾಗ ಆ ರೆಕ್ಕೆಯ ಸಂದು ತುಂಬಿಕೊಂಡು, ಅಷ್ಟು ದಿನ ಹಿಂಬಾಲಿಸಿದ ಕಾಗೆ ಯಾವುದೆಂದು ನನಗೆ ಮತ್ತೆ ತಿಳಿಯದಾಯಿತು. ಅವುಗಳಿಗೆ ಮಾತ್ರ ನನ್ನ ಗುರುತು ಸಿಗುತ್ತಲೇ ಇತ್ತು.