ತಗ್ಗು ಹೊಲಕ್ಕೆ ಮಣ್ಣು ಬಿದ್ದಾಗ: ಗೋವಾದ ಕನ್ನಡಿಗರು ಪಂಚಾಯಿತಿಯಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು

ಗೋವಾದ ಯಾವುದೇ ಹಳ್ಳಿಯ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ನೀವು ಅಲ್ಲಿನ ಗ್ರಾಮಸಭೆಯ ಸದಸ್ಯರು. ಇದಕ್ಕೆ ಯಾರ ಶಿಫಾರಸೂ ಬೇಡ. 1994ರ ಗೋವಾ ಪಂಚಾಯತ್ ರಾಜ್ ಕಾಯ್ದೆಯೇ ಕೊಟ್ಟ ಜಾಗ ಅದು. ಮನೆ ಸ್ವಂತದ್ದೋ ಬಾಡಿಗೆಯದ್ದೋ, ಹುಟ್ಟಿದ್ದು ಗದಗದಲ್ಲೋ ಬಾಗಲಕೋಟೆಯಲ್ಲೋ, ಯಾವುದೂ ಲೆಕ್ಕಕ್ಕಿಲ್ಲ. ಈ ಮಾತನ್ನು ನಮ್ಮ ಓಣಿಯಲ್ಲಿ ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. "ನಾವು ಹೊರಗಿನವರು, ನಮ್ಮ ಮಾತು ಯಾರು ಕೇಳ್ತಾರ?" ಅಂತಾರೆ.

ನಾನು ಕಟ್ಟಡದ ಪ್ಲಾನ್ ಬಿಡಿಸುವ ಡ್ರಾಫ್ಟ್ಸ್‌ಮನ್. ಹುಬ್ಬಳ್ಳಿಯಲ್ಲಿ ಐಟಿಐ ಮುಗಿಸಿ ಮುರ್ಗಾಂವ್ ತಾಲೂಕಿಗೆ ಬಂದವನು, ಇಲ್ಲೇ ಉಳಿದೆ. ಕಟ್ಟಡವೇ ಬೇಡ ಎಂದು ನಾನು ಹೇಳುತ್ತಿಲ್ಲ, ನನ್ನ ಮನೆ ನಡೆಯುವುದೇ ಅದರಿಂದ. ಆದರೆ ತಗ್ಗು ಹೊಲಕ್ಕೆ ಮಣ್ಣು ತುಂಬಿದ ಮೇಲೆ ಮಳೆ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಪ್ಲಾನ್ ಬಿಡಿಸುವವರು ನೋಡದೇ ಇರೋಕೆ ಆಗಲ್ಲ. ನೀರು ಪಕ್ಕದ ತಗ್ಗಿಗೆ ಹೋಗುತ್ತದೆ. ಬಾಡಿಗೆ ಕಡಿಮೆ ಇರುವುದು ತಗ್ಗಿನಲ್ಲೇ. ಅಲ್ಲಿ ಇರುವವರು ಹೆಚ್ಚಾಗಿ ನಮ್ಮವರೇ. ಅದಕ್ಕೇ ಇದು ಬೇರೆಯವರ ಜಗಳ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಮೊದಲು ಆ ಹೊಲ ಎಂಥದ್ದು ಅಂತ ತಿಳಿಯಿರಿ. ಗೋವಾದ ನದಿ, ಹಳ್ಳಗಳ ಪಕ್ಕದಲ್ಲಿ ಖಾಜನ್ ಅನ್ನುವ ಜಮೀನಿದೆ. ಸಮುದ್ರದ ಭರತ ಬಂದಾಗ ಉಪ್ಪು ನೀರು ನುಗ್ಗದ ಹಾಗೆ ಮಣ್ಣು, ಕಲ್ಲು, ಹುಲ್ಲಿನಿಂದ ಬಾಂದ್ ಕಟ್ಟಿದ್ದಾರೆ. ಬಾಂದ್ ನಡುವೆ ಮಾನಸ್ ಇರುತ್ತದೆ, ಅಂದರೆ ಮರದ ಬಾಗಿಲು ಇರುವ ತೂಬು. ಇಳಿತದ ಹೊತ್ತಿಗೆ ಬಾಗಿಲು ತಾನೇ ತೆರೆದು ಒಳಗಿನ ಮಳೆ ನೀರನ್ನು ಹೊರಗೆ ಬಿಡುತ್ತದೆ. ಭರತ ಏರಿದಾಗ ನೀರಿನ ಒತ್ತಡಕ್ಕೇ ಮುಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಡೆಯುವ ಕೋರ್ಗುಟ್ ಭತ್ತ ಬೆಳೆಯುತ್ತಾರೆ. ಮಾನಸ್ ಹತ್ತಿರ ಮೀನು, ಸೀಗಡಿ ಹಿಡಿಯುತ್ತಾರೆ. ನಮ್ಮ ಊರಿನ ಒಬ್ಬ ಹಿರಿಯ ಗೇಣಿದಾರರು ಬಾಂದ್ ಮೇಲೆ ನಡೆಸಿಕೊಂಡು ಹೋಗಿ ಇದನ್ನೆಲ್ಲ ತೋರಿಸಿದರು. ಬಾಂದ್ ಒಂದು ಕಡೆ ಒಡೆದು ರಿಪೇರಿ ಆಗದಿದ್ದರೆ ಉಪ್ಪು ನೀರು ಇಡೀ ಹೊಲಕ್ಕೆ ಹರಡುತ್ತದೆ, ಬೆಳೆ ನಿಂತು ಹೋಗುತ್ತದೆ. ಬೀಳು ಬಿದ್ದ ಹೊಲವನ್ನು ಯಾರೂ ಕಾಯುವುದಿಲ್ಲ. ಮಣ್ಣಿನ ಟಿಪ್ಪರ್ ಬರುವುದು ಅಂಥ ಹೊಲಕ್ಕೇ. ಹಾಗಾಗಿ ಬಾಂದ್ ಒಡೆದಿದೆ ಅನ್ನುವ ಸುದ್ದಿ ಬಂದಾಗಲೇ ಕಿವಿ ನೆಟ್ಟಗೆ ಮಾಡಿ.

ಕಾಗದ ತೆಗೆಸುವುದು

ಎಲ್ಲಕ್ಕಿಂತ ಮೊದಲು ಬೇಕಾದ್ದು ಸರ್ವೆ ನಂಬರ್ ಮತ್ತು ಸಬ್ ಡಿವಿಷನ್ ನಂಬರ್. ಇವೆರಡು ಇಲ್ಲದೆ ಎಷ್ಟು ದೂರು ಕೊಟ್ಟರೂ ಯಾವ ಜಾಗ ಎಂದು ಗೊತ್ತಾಗಲಿಲ್ಲ ಅಂತ ಫೈಲ್ ಪಕ್ಕಕ್ಕೆ ಹೋಗುತ್ತದೆ. ಪಕ್ಕದ ಹೊಲದವರಿಗೆ ತಮ್ಮ ನಂಬರ್ ಗೊತ್ತಿರುತ್ತದೆ. ಅದನ್ನು ಹಿಡಿದು ಸರ್ವೆ ನಕ್ಷೆಯಲ್ಲಿ ಹುಡುಕಬಹುದು. ನಂಬರ್ ಸಿಕ್ಕ ಮೇಲೆ ಫಾರ್ಮ್ 1 ಮತ್ತು 14 ತೆಗೆಯಿರಿ. ನಮ್ಮ ಊರ ಕಡೆಯ ಪಹಣಿ ಇದ್ದ ಹಾಗೆ ಇದು. ಗೋವಾ ಸರ್ಕಾರದ ಭೂದಾಖಲೆ ವೆಬ್‌ಸೈಟಿನಲ್ಲಿ ನೋಡಲು ಸಿಗುತ್ತದೆ.

ಅದರಲ್ಲಿ ಮಾಲೀಕರ ಹೆಸರನ್ನಷ್ಟೇ ನೋಡಿ ಮುಚ್ಚಬೇಡಿ. ಸಾಗುವಳಿ ಜಾಗವನ್ನು ಬಿಡಿಬಿಡಿಯಾಗಿ ಬರೆದಿರುವ ಕಾಲಂಗಳಿವೆ. ಡ್ರೈ ಕ್ರಾಪ್, ಗಾರ್ಡನ್, ರೈಸ್, ಖಾಜನ್, ಕೇರ್, ಮೊರಡ್ ಎಂದು. ಖಾಜನ್ ಕಾಲಂನಲ್ಲಿ ಚದರ ಮೀಟರ್ ಬರೆದಿದ್ದರೆ ನಿಮ್ಮ ಅರ್ಧ ವಾದ ಸರ್ಕಾರದ ಕಾಗದದಲ್ಲೇ ಇದೆ. ಗೇಣಿದಾರರ ಕಾಲಂ ಕೂಡ ನೋಡಿ. ಅಲ್ಲಿ ಹೆಸರಿದ್ದರೆ ಆ ಕುಟುಂಬವನ್ನು ಹುಡುಕಿ ಮಾತಾಡಿ. ಗೇಣಿ ಕಾಯ್ದೆಯಿಂದ ಬಂದ ಜಮೀನನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸಬಾರದು ಎಂದು 1991ರಲ್ಲೇ ಗೋವಾದಲ್ಲಿ ಬೇರೆ ಕಾನೂನು ಬಂದಿದೆ. ಭತ್ತದ ಗದ್ದೆಯನ್ನು ಕೃಷಿಕರಲ್ಲದವರಿಗೆ ಮಾರುವುದನ್ನು 2023ರ ಕಾಯ್ದೆ ತಡೆಯುತ್ತದೆ.

ಇನ್ನೊಂದು ಕಾಗದ ಝೋನಿಂಗ್. ರೀಜನಲ್ ಪ್ಲಾನ್ 2021 ಎನ್ನುವ ಗೋವಾದ ಭೂಬಳಕೆ ಯೋಜನೆಯಲ್ಲಿ ಆ ಜಾಗ ಕಟ್ಟಡಕ್ಕೆ ಬಿಟ್ಟ ಸೆಟ್ಲ್‌ಮೆಂಟೋ ಪರಿಸರಕ್ಕಾಗಿ ಕಾಯ್ದಿಟ್ಟ ಇಕೋ ಝೋನೋ ಎಂದು ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಇಲಾಖೆ ಹೇಳುತ್ತದೆ. ಗದ್ದೆ, ಖಾಜನ್, ಮ್ಯಾಂಗ್ರೋವ್ ಇಕೋ-1ರಲ್ಲಿ ಬರುತ್ತವೆ. ಹಾಗಂತ ನಕ್ಷೆಯ ಬಣ್ಣ ಬದಲಾಗುವುದೇ ಇಲ್ಲ ಅಂತ ನಂಬಬೇಡಿ. ಒಂದೊಂದೇ ಜಾಗದ ಝೋನ್ ಬದಲಾಯಿಸಲು ಇಲಾಖೆಯ ಕಾಯ್ದೆಗೆ ಹೊಸ ಕಲಮುಗಳನ್ನು ಸೇರಿಸುತ್ತಾ ಬಂದಿದ್ದಾರೆ. 17(2)ರ ಕೆಳಗಿನ ನಿಯಮಗಳನ್ನು ಬಾಂಬೆ ಹೈಕೋರ್ಟಿನ ಗೋವಾ ಪೀಠ 2025ರ ಮಾರ್ಚ್‌ನಲ್ಲಿ ರದ್ದು ಮಾಡಿತು. 39ಎ ಕಲಮು 2024ರದ್ದು. ಅದರಡಿ ಬರುವ ನೋಟಿಸು ಗೆಜೆಟ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪ ಹೇಳಲು 30 ದಿನ ಇರುತ್ತದೆ. ಗೆಜೆಟ್ ಅಂದರೆ ಬೋರು ಹೊಡೆಯುವ ಕಾಗದ, ಗೊತ್ತು. ಆದರೂ ನಿಮ್ಮ ಗುಂಪಿನಲ್ಲಿ ಒಬ್ಬರಾದರೂ ಅದನ್ನು ನೋಡಿ, ನಿಮ್ಮ ಊರ ಹೆಸರು ಬಂದಿದೆಯಾ ಅಂತ ಹುಡುಕಬೇಕು. ಕಾಲೇಜು ಓದುವ ಹುಡುಗರಿಗೆ ಈ ಕೆಲಸ ಕೊಡಿ, ಚೆನ್ನಾಗಿ ಮಾಡುತ್ತಾರೆ.

ಯಾವ ಕಾನೂನು ಹಿಡಿಯಬೇಕು

ತುಂಬ ದೂರುಗಳು ಬಿದ್ದು ಹೋಗುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

2017ರ ವೆಟ್‌ಲ್ಯಾಂಡ್ ನಿಯಮಗಳು ಕೆರೆ, ಜೌಗು ಜಾಗಗಳನ್ನು ಕಾಯುತ್ತವೆ. ಅಂಥ ಜಾಗವನ್ನು ಒತ್ತುವರಿ ಮಾಡುವ ಹಾಗಿಲ್ಲ, ಕಸ ಸುರಿಯುವ ಹಾಗಿಲ್ಲ, ಕೊಳಚೆ ಬಿಡುವ ಹಾಗಿಲ್ಲ. ಹತ್ತು ವರ್ಷದ ಸರಾಸರಿ ಪ್ರವಾಹದ ಗೆರೆಯಿಂದ 50 ಮೀಟರ್ ಒಳಗೆ, ದೋಣಿ ಕಟ್ಟೆ ಬಿಟ್ಟರೆ ಬೇರೆ ಕಾಯಂ ಕಟ್ಟಡ ಕಟ್ಟುವಂತಿಲ್ಲ. ಗೋವಾದಲ್ಲಿ ಇದನ್ನು ನೋಡಿಕೊಳ್ಳುವುದು ರಾಜ್ಯ ವೆಟ್‌ಲ್ಯಾಂಡ್ ಪ್ರಾಧಿಕಾರ. ಕುಡ್ಚಡೆ ಹತ್ತಿರದ ನಂದಾ ಕೆರೆಗೆ 2022ರಲ್ಲಿ, ಜಗತ್ತಿನ ಮಹತ್ವದ ಜೌಗು ಜಾಗಗಳಿಗೆ ಕೊಡುವ ರಾಮ್‌ಸಾರ್ ಪಟ್ಟ ಸಿಕ್ಕಿತು. ಗೋವಾದಲ್ಲಿ ಆ ಮಾನ ಸಿಕ್ಕಿದ ಮೊದಲ ಜಾಗ ಅದು.

ಆದರೆ ಇದೇ ನಿಯಮಗಳು ಭತ್ತದ ಗದ್ದೆಯನ್ನು ಹೊರಗಿಟ್ಟಿವೆ. ನದಿಯ ಪಾತ್ರ, ಉಪ್ಪಿನ ಗದ್ದೆ, ಕರಾವಳಿ ನಿಯಂತ್ರಣ ವಲಯ ಅಂದರೆ ಸಿಆರ್‌ಝಡ್‌ನಲ್ಲಿ ಬರುವ ಜಾಗಗಳೂ ಹೊರಗೆ. ಅಂದರೆ ಖಾಜನ್ ಹೊಲಕ್ಕೆ ಮಣ್ಣು ಬಿದ್ದಾಗ ವೆಟ್‌ಲ್ಯಾಂಡ್ ನಿಯಮ ಅಂತ ಬರೆದು ಕೊಟ್ಟರೆ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅನ್ನುವ ಉತ್ತರ ಬರುತ್ತದೆ. ಆ ಉತ್ತರ ತಪ್ಪೂ ಅಲ್ಲ. ಖಾಜನ್‌ಗೆ ಹಿಡಿಯಬೇಕಾದ್ದು ಕರಾವಳಿ ನಿಯಮ. 2011ರ ಸಿಆರ್‌ಝಡ್ ಅಧಿಸೂಚನೆ ಗೋವಾಕ್ಕೆ ಬೇರೆಯೇ ಭಾಗ ಇಟ್ಟು, ಖಾಜನ್ ಜಮೀನಿನಲ್ಲಿ ಯಾವ ಅಭಿವೃದ್ಧಿ ಕೆಲಸಕ್ಕೂ ಅವಕಾಶವಿಲ್ಲ ಎಂದು ಬರೆದಿದೆ. ದೂರು ಹೋಗಬೇಕಾದ್ದು ಗೋವಾ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ.

ಮಣ್ಣು ತುಂಬುವ ಎಲ್ಲ ಕಡೆಗೂ ನಡೆಯುವ ಮೂರನೇ ದಾರಿ ಒಂದಿದೆ. ಟೌನ್ ಪ್ಲಾನಿಂಗ್ ಕಾಯ್ದೆಯ 17ಎ. ಗುಡ್ಡ ಕಡಿಯಲು, ತಗ್ಗು ಜಾಗ ತುಂಬಲು ಚೀಫ್ ಟೌನ್ ಪ್ಲಾನರ್ ಅನುಮತಿ ಮೊದಲೇ ಬೇಕು ಎಂದು ಅದು ಹೇಳುತ್ತದೆ. ಖಾಜನ್ ಹೌದೋ ಅಲ್ಲವೋ, ಕೆರೆ ಎಂದು ನೋಟಿಫೈ ಆಗಿದೆಯೋ ಇಲ್ಲವೋ ಅನ್ನುವ ಚರ್ಚೆ ಶುರುವಾಗುವ ಮೊದಲೇ ಕೇಳಬಹುದಾದ ಪ್ರಶ್ನೆ ಇದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಉಪಯೋಗದ ಕಲಮು.

ಗ್ರಾಮಸಭೆಯಲ್ಲಿ

ಪಂಚಾಯಿತಿಯ ಕೈಯಲ್ಲಿರುವುದು ಕಟ್ಟಡದ ಲೈಸೆನ್ಸ್. ಅದರ ಒಪ್ಪಿಗೆ ಇಲ್ಲದೆ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟುವಂತಿಲ್ಲ, ಅದು ಪಂಚಾಯತ್ ರಾಜ್ ಕಾಯ್ದೆಯ 66ನೇ ಕಲಮು. ಟೌನ್ ಪ್ಲಾನಿಂಗ್‌ನಿಂದ ಟೆಕ್ನಿಕಲ್ ಕ್ಲಿಯರೆನ್ಸ್ ಬಂದಿದ್ದರೂ ಲೈಸೆನ್ಸ್ ಕೊಡುವುದು ಪಂಚಾಯಿತಿಯೇ. ಅದಕ್ಕೇ "ಎಲ್ಲಾ ಮೇಲಿಂದ ಆಗಿದೆ, ನಮ್ಮ ಕೈಲಿ ಏನಿಲ್ಲ" ಅನ್ನುವ ಮಾತಿಗೆ ತಲೆಯಾಡಿಸಿ ಬರಬೇಡಿ.

ಗ್ರಾಮಸಭೆ ಸಾಮಾನ್ಯವಾಗಿ ಭಾನುವಾರ ಇರುತ್ತದೆ. ಮೀನು ಮಾರ್ಕೆಟಿಗೆ ಹೋಗುವ ಹೊತ್ತು, ಊರಿಗೆ ಫೋನ್ ಮಾಡುವ ಹೊತ್ತು. ಹೋಗಲೇಬೇಕು. ಪ್ರಶ್ನೆಯನ್ನು ಮೊದಲೇ ಬರೆದು ಪಂಚಾಯಿತಿ ಆಫೀಸಿಗೆ ಕೊಡಿ. ಇನ್ನೊಂದು ಪ್ರತಿಯ ಮೇಲೆ ಇನ್‌ವರ್ಡ್ ನಂಬರ್, ಸೀಲು, ತಾರೀಖು ಹಾಕಿಸಿಕೊಳ್ಳಿ. ಕೊಂಕಣಿ, ಮರಾಠಿ ಅಥವಾ ಇಂಗ್ಲಿಷ್‌ನಲ್ಲಿ ಬರೆಯಿರಿ. ಮಾತಿಗೆ ನಿಮಗೆ ಬರುವ ಕೊಂಕಣಿ ಸಾಕು.

ಪರಿಸರ ಹಾಳಾಗುತ್ತಿದೆ ಅಂತ ಭಾಷಣ ಮಾಡಬೇಡಿ. ನಮ್ಮ ಓಣಿಯ ತರಕಾರಿ ಮಾರುವ ಅಕ್ಕ ಕೇಳಿದ ಹಾಗೆ ಕೇಳಿ. ಅವರು ಕೇಳಿದ್ದು ಇಷ್ಟೇ: ಈ ಸರ್ವೆ ನಂಬರಿನಲ್ಲಿ ಮಣ್ಣು ತುಂಬಲು 17ಎ ಅನುಮತಿ ಇದೆಯಾ? ಇದ್ದರೆ ಅದರ ನಂಬರ್, ತಾರೀಖು ಓದಿ ಹೇಳಿ. ಇಲ್ಲದಿದ್ದರೆ ಕೆಲಸ ನಿಲ್ಲಿಸಲು ನೋಟಿಸ್ ಯಾವಾಗ ಕೊಡ್ತೀರಿ? ಸಭೆಯಲ್ಲಿ ಗದ್ದಲ ಆಯಿತು. "ನೀವು ಘಾಟಿಗಳು, ನಿಮಗ್ಯಾಕೆ" ಅಂತ ಹಿಂದಿನಿಂದ ಒಬ್ಬರು ಕೂಗಿದರು. ಘಟ್ಟದ ಆಚೆಯಿಂದ ಬಂದವರನ್ನು ಇಲ್ಲಿ ಹಾಗೆ ಹೀಯಾಳಿಸುತ್ತಾರೆ. ಆಗ ಎದ್ದು ನಿಂತವರು ಬಾಂದ್ ತೋರಿಸಿದ್ದ ಆ ಹಿರಿಯ ಗೇಣಿದಾರರು. ಅವರ ಹಿಂದೆ ಇನ್ನೂ ಕೆಲವು ಗೋವಾದವರು ನಿಂತರು. ಸೈಟ್ ಇನ್‌ಸ್ಪೆಕ್ಷನ್ ಆಗಬೇಕು ಎಂದು ಠರಾವು ಬರೆಯಲಾಯಿತು. ಹೊಲ ಬೇಸಾಯ ಮಾಡುವವರನ್ನು ಮೊದಲೇ ಜೊತೆಗೆ ಸೇರಿಸಿಕೊಳ್ಳಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ನೀರಿನ ವಿಷಯದಲ್ಲಿ ಅವರ ಕಷ್ಟ, ನಮ್ಮ ಕಷ್ಟ ಒಂದೇ.

ಠರಾವಿನ ಮಾತುಗಳನ್ನು ಅಲ್ಲೇ ಓದಿಸಿ. ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ಕೇಳಿ. ಸುಮ್ನೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದಕ್ಕೆ 10 ರೂಪಾಯಿ, ಉತ್ತರಕ್ಕೆ 30 ದಿನ.

ಒಂದು ವಿಷಯ ಮುಚ್ಚಿಡದೆ ಹೇಳಬೇಕು. ನಮ್ಮವರ ಎಷ್ಟೋ ಮನೆಗಳಿಗೆ ಸರಿಯಾದ ಕಾಗದ ಇಲ್ಲ. ಮನೆ ನಂಬರ್ ಇದೆ, ಟ್ಯಾಕ್ಸ್ ರಸೀದಿ ಇದೆ ಅಂದರೆ ಲೈಸೆನ್ಸ್ ಇದೆ ಎಂದು ಅರ್ಥವಲ್ಲ. ದೂರು ಕೊಟ್ಟವರ ಮನೆಯನ್ನೇ ಮೊದಲು ನೋಡಿ ಅಂತ ಎದುರಿನವರು ಹೇಳುವುದು ಉಂಟು. ಈ ಹೆದರಿಕೆ ಸುಳ್ಳಲ್ಲ. ಅದಕ್ಕೇ ಸಹಿ ಹಾಕುವ ಮೊದಲು ನಿಮ್ಮ ಮನೆಯ ಕಾಗದ ತೆಗೆದು ನೋಡಿ. ಕಾಗದ ಗಟ್ಟಿ ಇರುವವರು ಮುಂದೆ ನಿಲ್ಲಲಿ, ಉಳಿದವರು ಸಭೆಗೆ ಬಂದು ಕೂರಲಿ. ಅಷ್ಟು ಜನ ಕೂತಿದ್ದರೂ ಪಂಚಾಯಿತಿಗೆ ಅದರ ತೂಕ ಗೊತ್ತಾಗುತ್ತದೆ.

ವಾಸ್ಕೋ, ಮಡಗಾಂವ್, ಮಾಪುಸಾ ಪೇಟೆಯೊಳಗೆ ಇರುವವರಿಗೆ ಗ್ರಾಮಸಭೆ ಇಲ್ಲ. ಅಲ್ಲಿ ನಗರಸಭೆಯ ವಾರ್ಡ್ ಸದಸ್ಯರನ್ನು ಹಿಡಿಯಬೇಕು. ಕಾಗದಗಳು ಹೆಚ್ಚು ಕಡಿಮೆ ಇವೇ.

ಟಿಪ್ಪರ್ ಬಂದೇ ಬಿಟ್ಟರೆ

ಮಣ್ಣು ಬೀಳುವುದು ಹೆಚ್ಚಾಗಿ ರಾತ್ರಿ, ಇಲ್ಲವೇ ಸಾಲು ರಜೆ ಬಂದಾಗ. ಡ್ರೈವರ್ ಜೊತೆ ಜಗಳಕ್ಕೆ ಹೋಗಬೇಡಿ. ಎಷ್ಟೋ ಸಲ ಅವನು ನಮ್ಮ ಕಡೆಯ ಹುಡುಗನೇ ಆಗಿರುತ್ತಾನೆ, ಟ್ರಿಪ್ಪಿಗೆ ಇಷ್ಟು ಅಂತ ದುಡಿಯುವವನು. ಗಾಡಿ ನಂಬರ್, ಹೊತ್ತು ಬರೆದುಕೊಳ್ಳಿ. ಫೋಟೋ ತೆಗೆಯುವಾಗ ಒಂದು ಲೈಟ್ ಕಂಬವೋ ಗೋಡೆಯೋ ಪ್ರತಿ ಫೋಟೋದಲ್ಲೂ ಬರುವ ಹಾಗೆ ಒಂದೇ ಜಾಗದಲ್ಲಿ ನಿಲ್ಲಿ. ಆಗ ಮಣ್ಣು ಎಷ್ಟು ಏರಿತು ಎನ್ನುವುದು ನೋಡಿದವರಿಗೆ ತಾನೇ ಕಾಣುತ್ತದೆ. ಮೊಬೈಲಿನಲ್ಲಿ ಲೊಕೇಶನ್ ಆನ್ ಇರಲಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ಸಿಗುತ್ತದೆ, ಅಲ್ಲಿ ಹೊಲದಲ್ಲಿ ನೀರೋ ಹಸಿರೋ ಕಾಣುವ ಚಿತ್ರ ಹುಡುಕಿ ದೂರಿಗೆ ಅಂಟಿಸಿ.

ರಜೆ ದಿನವಾದರೆ ಪಂಚಾಯಿತಿ ಬಾಗಿಲು ತೆರೆಯುವವರೆಗೆ ಕಾಯಬೇಡಿ. ಡೆಪ್ಯೂಟಿ ಕಲೆಕ್ಟರ್ ಕೆಳಗೆ ಫ್ಲೈಯಿಂಗ್ ಸ್ಕ್ವಾಡ್ ಇದೆ, ಅವರಿಗೆ ಫೋನ್ ಮಾಡಿ. ಮಾರನೇ ದಿನ ಅದೇ ದೂರನ್ನು ಪಂಚಾಯಿತಿ, ಮಾಮ್ಲತ್ದಾರ್ (ನಮ್ಮ ಕಡೆಯ ತಹಶೀಲ್ದಾರ್), ಟೌನ್ ಪ್ಲಾನಿಂಗ್, ಕರಾವಳಿ ಪ್ರಾಧಿಕಾರ ನಾಲ್ಕಕ್ಕೂ ಬರೆದು ಕೊಡಿ. ತಲಾಟಿ (ಗ್ರಾಮ ಲೆಕ್ಕಿಗ) ಪಂಚನಾಮೆಗೆ ಬಂದರೆ ನೀವೂ ಅಲ್ಲಿರಿ. ಓದದೆ ಸಹಿ ಹಾಕಬೇಡಿ. ನಮ್ಮ ಹೊಲದ ವಿಷಯದಲ್ಲಿ ಕೆಲಸ ನಿಲ್ಲಿಸಲು ನೋಟಿಸ್ ಬಂತು, ಟಿಪ್ಪರ್ ನಿಂತವು. ಬಿದ್ದ ಮಣ್ಣು ಮಾತ್ರ ಇನ್ನೂ ಹಾಗೇ ಇದೆ. ಅದನ್ನು ತೆಗೆಸಿ ಹೊಲವನ್ನು ಮೊದಲಿನ ಹಾಗೆ ಮಾಡಿಸಬೇಕು ಎಂದು ಈಗ ಅರ್ಜಿ ಹಾಕಿದ್ದೇವೆ. ನೀವು ಮೊದಲ ದೂರಿನಲ್ಲೇ ಆ ಸಾಲು ಸೇರಿಸಿ: ಕೆಲಸ ನಿಲ್ಲಿಸಿ, ಮಣ್ಣು ತೆಗೆಸಿ, ಹೊಲ ಮೊದಲಿನಂತೆ ಮಾಡಿಸಿ.

ಪಂಚಾಯಿತಿ ಕೈಕಟ್ಟಿ ಕೂತರೆ ಪಂಚಾಯತ್ ಇಲಾಖೆಯ ಡೆಪ್ಯೂಟಿ ಡೈರೆಕ್ಟರ್‌ಗೆ ಬರೆಯಿರಿ. ಅದರ ಆಚೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಗೋವಾಕ್ಕೆ ಪುಣೆಯ ಪೀಠ. ಅಲ್ಲಿ ಅರ್ಜಿ ಹಾಕಲು ಕಾರಣ ಹುಟ್ಟಿದ ದಿನದಿಂದ 6 ತಿಂಗಳು. ತಡಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ ಸಿಗಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಮೊದಲ ಟಿಪ್ಪರ್ ಬಂದ ತಾರೀಖನ್ನು ಬರೆದಿಡಿ, ಲೆಕ್ಕ ಶುರುವಾಗುವುದು ಅಲ್ಲಿಂದ. ವಕೀಲರಿಗೆ ದುಡ್ಡಿಲ್ಲ ಅನ್ನುವವರು ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಹೋಗುವಾಗ ಫಾರ್ಮ್ 1 ಮತ್ತು 14, ಫೋಟೋಗಳು, ಠರಾವಿನ ಪ್ರತಿ, ಸೀಲು ಬಿದ್ದ ದೂರುಗಳು ಇರಲಿ, ತಾರೀಖಿನ ಪ್ರಕಾರ ಜೋಡಿಸಿ.