ಹಳ್ಳದ ದಂಡೆಯಲ್ಲಿ ನೀರುನಾಯಿಯ ಗುರುತು ಹುಡುಕಿದ್ದು

ನೀರುನಾಯಿಯನ್ನು ಕಣ್ಣಾರೆ ನೋಡಬೇಕು ಅಂತ ಹೊರಟವನು ನಾನು. ಮೊದಲ 4 ತಿಂಗಳು ಒಂದೂ ಕಾಣಲಿಲ್ಲ. ಸಿಕ್ಕಿದ್ದು ಬರೀ ಅದರ ಹಿಕ್ಕೆ. ಈಗ 3 ವರ್ಷದಿಂದ ಅದೇ ಹಳ್ಳದ ದಂಡೆಯಲ್ಲಿ 15 ದಿನಕ್ಕೊಮ್ಮೆ 3 ಕಿಲೋಮೀಟರ್ ನಡೆಯುತ್ತೇನೆ. ಹುಡುಕುವುದು ಹಿಕ್ಕೆಯನ್ನೇ. ಒಂದು ನೀರುನಾಯಿ ಇನ್ನೊಂದಕ್ಕೆ ಹೇಳಬೇಕಾದ್ದನ್ನೆಲ್ಲ ಹೆಚ್ಚಾಗಿ ಅದರಲ್ಲೇ ಹೇಳುತ್ತದೆ.

ಶುರುವಿನಲ್ಲಿ ಪೊದೆ ಸಂದಿ, ಬಿಲದ ಬಾಯಿ ಅಂತ ಮರೆಯಾದ ಕಡೆಯೆಲ್ಲ ತಡಕಾಡಿದೆ. ಅದು ತಪ್ಪು. ನೀರುನಾಯಿ ಗುರುತನ್ನು ಬಚ್ಚಿಡುವುದಿಲ್ಲ, ಎದ್ದು ಕಾಣುವ ಕಡೆಯೇ ಇಡುತ್ತದೆ. ಹಳ್ಳದ ನಡುವೆ ತಲೆ ಎತ್ತಿದ ಬಂಡೆ, ಎರಡು ಹಳ್ಳ ಕೂಡುವ ಮೂಲೆ, ಮಡುವಿನ ಅಂಚು, ನೀರಿಗೆ ಅಡ್ಡ ಬಿದ್ದ ಮರ, ಸೇತುವೆ ಕೆಳಗಿನ ಒಣ ಕಟ್ಟೆ. ಇಂಥ ಜಾಗಗಳನ್ನು ಮೊದಲೇ ಲೆಕ್ಕ ಹಾಕಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಬಂಡೆಯೇ ಇಲ್ಲದ ಮರಳು ದಂಡೆಯಲ್ಲಿ ಏನು ಮಾಡುತ್ತದೆ ಗೊತ್ತಾ? ಮರಳನ್ನು ಕೆರೆದು ಒಂದು ಹಿಡಿಯಷ್ಟು ಗುಡ್ಡೆ ಮಾಡಿ ಅದರ ಮೇಲೆ ಇಡುತ್ತದೆ. ಅಂಥದ್ದನ್ನು ಮೊದಲ ಸಲ ನೋಡಿದಾಗ ಮಂಡಿಯೂರಿ ತುಂಬಾ ಹೊತ್ತು ಕೂತಿದ್ದೆ. ಗುಡ್ಡೆಯ ಸುತ್ತ ಉಗುರಿನ ಗೆರೆಗಳು, ನೆತ್ತಿಯ ಮೇಲೆ ಹೆಬ್ಬೆರಳಿಗಿಂತ ಚಿಕ್ಕದೊಂದು ಕಪ್ಪು ಮುದ್ದೆ. ಪಕ್ಕದಲ್ಲಿ ಐದು ಬೆರಳಿನ ಹೆಜ್ಜೆ. ನಾಯಿಯದಾದರೆ ನಾಲ್ಕೇ ಬೆರಳು ಮೂಡುತ್ತವೆ. ಆದರೆ ಗಟ್ಟಿ ನೆಲದಲ್ಲಿ ನೀರುನಾಯಿಯ ಐದನೇ ಬೆರಳೂ ಮೂಡದೇ ಇರಬಹುದು, ಅದಕ್ಕೇ ಹೆಜ್ಜೆಯೊಂದನ್ನೇ ನಂಬಿ ನಾನು ಏನನ್ನೂ ಬರೆದುಕೊಳ್ಳುವುದಿಲ್ಲ.

ಹೊಸ ಹಿಕ್ಕೆ ಡಾಂಬರಿನ ಹಾಗೆ ಕಪ್ಪಗೆ, ಲೋಳೆಯಾಗಿ ಹೊಳೆಯುತ್ತದೆ. ದಿನ ಕಳೆದಂತೆ ಬೂದು ಬಣ್ಣಕ್ಕೆ ತಿರುಗಿ, ಕೊನೆಗೆ ಪುಡಿಪುಡಿಯಾಗುತ್ತದೆ. ಕಡ್ಡಿಯಲ್ಲಿ ಬಿಡಿಸಿ ನೋಡಿದರೆ ಮೀನಿನ ಹುರುಪೆ, ಸಣ್ಣ ಮುಳ್ಳು, ಒಮ್ಮೊಮ್ಮೆ ಕಪ್ಪೆಯ ಮೂಳೆ, ಏಡಿ ಚಿಪ್ಪಿನ ಚೂರು. ಬರಿಗೈಯಲ್ಲಿ ಮುಟ್ಟಬೇಡಿ, ಒಣಗಿದ್ದನ್ನು ಮೂಗಿಗೆ ಹಿಡಿಯಬೇಡಿ. ಹಸಿಯದನ್ನು ಸ್ವಲ್ಪ ದೂರದಿಂದಲೇ ಮೂಸಿದರೆ ಸಾಕು. ಮೀನಿನ ವಾಸನೆ ಇರುತ್ತದೆ, ಆದರೆ ಅದರೊಳಗೆ ಒಣಹುಲ್ಲಿನಂಥ ಒಂದು ಸಿಹಿ ಘಮವೂ ಸೇರಿರುತ್ತದೆ. ಕೆಲವರಿಗೆ ಮಲ್ಲಿಗೆ ಹಾಕಿದ ಟೀ ನೆನಪಾಗುತ್ತದಂತೆ. ಒಮ್ಮೆ ಮೂಗಿಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ. ಕೆಲವು ಸಲ ಮೀನಿನ ಚೂರೇ ಇಲ್ಲದೆ ಬರೀ ಜೆಲ್ಲಿಯಂಥ ಒಂದು ತೊಟ್ಟು ಇರುತ್ತದೆ. ಅದೂ ಗುರುತೇ. ಬಾಲದ ಬುಡದಲ್ಲಿರುವ ಗ್ರಂಥಿಗಳ ವಾಸನೆ ಇದಕ್ಕೆಲ್ಲ ಸೇರಿ, ಇಟ್ಟದ್ದು ಗಂಡೋ ಹೆಣ್ಣೋ, ಮರಿಯೋ ದೊಡ್ಡದೋ ಅನ್ನುವುದು ಇನ್ನೊಂದು ನೀರುನಾಯಿಗೆ ತಿಳಿಯುತ್ತದೆ.

ಒಂದು ಬಂಡೆಯ ಎದುರು ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರಿಗೆ ಬಂದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ, ಕಟ್ಟಿದೆ. ವಾರಗಟ್ಟಲೆ ಏನೂ ಬರಲಿಲ್ಲ, ಬಂಡೆ ಮೇಲೆ ಮಾತ್ರ ಹೊಸ ಹಿಕ್ಕೆ ಇರುತ್ತಿತ್ತು. ಆಮೇಲೆ ಕಾರಣ ತಿಳಿಯಿತು. ಈ ಕ್ಯಾಮೆರಾ ಮೈಶಾಖಕ್ಕೆ ಎಚ್ಚರವಾಗುವಂಥದ್ದು. ನೀರಿನಿಂದ ಆಗಷ್ಟೇ ಎದ್ದ ನೀರುನಾಯಿಯ ದಟ್ಟ ತುಪ್ಪಳ ಶಾಖವನ್ನು ಹೆಚ್ಚು ಹೊರಗೆ ಬಿಡುವುದಿಲ್ಲ. ಕ್ಯಾಮೆರಾವನ್ನು ಬಂಡೆಗೆ ಹತ್ತಿರ ತಂದ ಮೇಲೆ ಒಂದು ರಾತ್ರಿ ಸಿಕ್ಕಿತು. ಬಂತು, ಹಳೆಯ ಹಿಕ್ಕೆಯನ್ನು ಮೂಸಿತು, ಪೂರ್ತಿ ತಿರುಗಿ ನಿಂತಿತು. ಬಾಲ ಎತ್ತಿ, ಹಿಂಗಾಲುಗಳನ್ನು ಒಂದಾದ ಮೇಲೊಂದು ಕುಣಿಸಿ, ಒಂದಿಷ್ಟೇ ಇಟ್ಟು ನೀರಿಗೆ ಇಳಿಯಿತು. ಎಲ್ಲವನ್ನೂ ಒಂದೇ ಕಡೆ ಖಾಲಿ ಮಾಡುವುದಿಲ್ಲ. ಮುಂದಿನ ಬಂಡೆಗೂ ಬೇಕಲ್ವಾ!

ಇದನ್ನೆಲ್ಲ ನಾನು ಬೇಲಿ ಅಂದುಕೊಂಡಿದ್ದೆ. ಗುರುತು ಇರುವ ತನಕ ಅದರ ಜಾಗ, ಇಲ್ಲದ ಕಡೆ ಪ್ರಾಣಿಯೂ ಇಲ್ಲ ಅನ್ನುವ ಲೆಕ್ಕ. ಎರಡನೇ ವರ್ಷ ಒಂದು ಮಡುವಿನ ಸುತ್ತಲಿನ ಬಂಡೆಗಳೆಲ್ಲ ಇದ್ದಕ್ಕಿದ್ದಂತೆ ಖಾಲಿಯಾದವು. ಸುಮಾರು 3 ತಿಂಗಳು ಏನೂ ಇಲ್ಲ. 'ಬಿಟ್ಟು ಹೋಗಿದೆ' ಅಂತ ಪುಸ್ತಕದಲ್ಲಿ ಬರೆದೆ. ಅವತ್ತು ನನಗೆ ನಿಜಕ್ಕೂ ದುಃಖವಾಗಿತ್ತು. ಆಮೇಲೊಂದು ಬೆಳಿಗ್ಗೆ ಅದೇ ಮಡುವಿನ ಮರಳಿನಲ್ಲಿ ದೊಡ್ಡ ಹೆಜ್ಜೆಗಳ ಜೊತೆ ಎರಡು ಸಾಲು ಪುಟ್ಟ ಹೆಜ್ಜೆಗಳಿದ್ದವು. ತಾಯಿ ಎಲ್ಲಿಗೂ ಹೋಗಿರಲಿಲ್ಲ. ಮರಿಗಳು ಚಿಕ್ಕವಿದ್ದಾಗ ಅದು ಬಿಲದ ಹತ್ತಿರ ಗುರುತು ಇಡುವುದಿಲ್ಲ, ನೀರಿನಲ್ಲೇ ಮುಗಿಸಿಬಿಡುತ್ತದೆ.

ಸ್ಕಾಟ್ಲೆಂಡ್‌ನ ಶೆಟ್ಲೆಂಡ್ ದ್ವೀಪಗಳಲ್ಲಿ ಪ್ರಾಣಿವಿಜ್ಞಾನಿ ಹಾನ್ಸ್ ಕ್ರೂಕ್ ವರ್ಷಗಟ್ಟಲೆ ನೀರುನಾಯಿಗಳನ್ನು ಗಮನಿಸಿ, 1992ರಲ್ಲಿ ಒಂದು ವಿವರಣೆ ಕೊಟ್ಟರು. ಇದು ಗಡಿಯ ಬೇಲಿಗಿಂತ ಹೆಚ್ಚಾಗಿ 'ಇಲ್ಲಿ ನಾನು ಈಗ ಮೀನು ಹಿಡಿಯುತ್ತಿದ್ದೇನೆ' ಅಂತ ತಿಳಿಸುವ ಸೂಚನೆ ಅಂತ. ಆಗಷ್ಟೇ ಬೇಟೆಯಾಡಿದ ಜಾಗದಲ್ಲಿ ಮೀನು ಸಿಗುವುದು ಕಡಿಮೆ. ಹಾಗಾಗಿ ಇಟ್ಟವನಿಗೂ ಮೂಸಿದವನಿಗೂ ಲಾಭ, ಬಂದವನು ಬೇರೆ ಮಡುವಿಗೆ ಹೋಗುತ್ತಾನೆ. ನನ್ನ ಹಳ್ಳದ ಮಟ್ಟಿಗೆ ಈ ಮಾತು ತುಂಬಾ ಸರಿ ಅನ್ನಿಸಿದೆ. ಗುರುತುಗಳು ಗುಂಪಾಗಿ ಇರುವುದು ಮೀನು ಹೆಚ್ಚಿರುವ ಮಡುಗಳ ಬಳಿಯೇ.

ನಾನು ಹೇಳುತ್ತಿರುವುದು ಒಂಟಿಯಾಗಿ ಓಡಾಡುವ ಯುರೇಷಿಯನ್ ನೀರುನಾಯಿಯ ವಿಷಯ. ಗುಂಪಿನಲ್ಲಿ ಬದುಕುವ ಜಾತಿಗಳಾದರೆ ಎಲ್ಲವೂ ಸೇರಿ ದಂಡೆಯ ಒಂದೇ ಜಾಗವನ್ನು ಬಳಸುತ್ತವೆ. ಅಲ್ಲಿ ಹಿಕ್ಕೆ ರಾಶಿಯಾಗಿಯೇ ಇರುತ್ತದೆ.

ಹಿಕ್ಕೆ ಎಣಿಸಿ ಎಷ್ಟು ನೀರುನಾಯಿ ಇವೆ ಅಂತ ಹೇಳುವುದನ್ನು ನಾನು ಬಿಟ್ಟೆ. ಒಂದೇ ಪ್ರಾಣಿ ಒಂದು ರಾತ್ರಿಯಲ್ಲಿ ಹತ್ತಾರು ಕಡೆ ಇಟ್ಟು ಹೋಗಬಹುದು. ಮಳೆ ಬಂದು ನೀರು ಏರಿದರೆ ಎಲ್ಲ ತೊಳೆದು ಹೋಗುತ್ತದೆ, ಅದಕ್ಕೆ ಕನಿಷ್ಠ 5 ದಿನ ಒಣಹವೆ ಇದ್ದ ಮೇಲೆ ನಡೆಯುತ್ತೇನೆ. ಮೊದಲು ಎಣಿಕೆಗೆ ಸುಲಭ ಅಂತ ಹಳೆಯದನ್ನು ಕೆರೆದು ತೆಗೆಯುತ್ತಿದ್ದೆ. ಈಗ ತೆಗೆಯುವುದಿಲ್ಲ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಮಾತ್ರ. ಆ ಸುದ್ದಿ ಇನ್ಯಾರಿಗೋ ಇಟ್ಟದ್ದು.

ಈ ವರ್ಷವೂ ಆ ಮಡುವಿನ ಬಂಡೆಗಳು ಎರಡು ವಾರದಿಂದ ಖಾಲಿ ಇವೆ. ಪುಸ್ತಕದಲ್ಲಿ ದಿನಾಂಕ ಬರೆದು ಮುಂದಿನ ಜಾಗ ಖಾಲಿ ಬಿಟ್ಟಿದ್ದೇನೆ. ಆ ಕಡೆ ದಂಡೆಗೆ ಇಳಿಯದೆ ಎದುರು ದಡದಿಂದಲೇ ನೋಡಿ ಬರುತ್ತೇನೆ.