ತತ್ತಿಗೆ ಗಡಿಗೆ, ಕಣಿಕೆಗೆ ಯೂರಿಯಾ: ಬೇಸಿಗೆಗೆ ಎರಡು ಅಗ್ಗದ ಉಪಾಯ

ಮಾರ್ಚ್ ದಾಟಿತೆಂದರೆ ನವಲಗುಂದ, ರೋಣ ಕಡೆಯ ಮನೆಗಳಲ್ಲಿ ಎರಡು ಗೊಣಗಾಟ ಶುರು. ತತ್ತಿ ಒಡೆದರೆ ಹಳದಿ ನಿಲ್ಲದೆ ಹರಿದು ಹೋಗುತ್ತದೆ. ಆಕಳಿಗೆ ಹೊಟ್ಟೆ ತುಂಬ ಕಣಿಕೆ (ಜೋಳದ ಒಣ ದಂಟು) ಹಾಕಿದರೂ ಡೇರಿಗೆ ಹಾಕುವ ಹಾಲು ಕಡಿಮೆಯಾಗುತ್ತದೆ. ಫ್ರಿಜ್ಜು, ಚೀಲಗಟ್ಟಲೆ ಪಶು ಆಹಾರ ಅಂತ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ ನೋಡಿ.

ಮೊದಲು ತತ್ತಿ. ಸಿಪ್ಪೆ ಗಟ್ಟಿ ಕಂಡರೂ ಅದರಲ್ಲಿ ಸಾವಿರಾರು ಸಣ್ಣ ತೂತುಗಳಿವೆ. ಒಳಗಿನ ನೀರಿನಂಶ ಅಲ್ಲಿಂದಲೇ ಆರಿಹೋಗುತ್ತದೆ, ಇಂಗಾಲದ ಡೈಆಕ್ಸೈಡೂ ಅಲ್ಲಿಂದಲೇ ಹೊರಗೆ ಹೋಗಿ ಲೋಳೆ ತೆಳ್ಳಗಾಗುತ್ತದೆ. ಕೋಳಿ ಇಟ್ಟಾಗ ಮೇಲೆ ಒಂದು ತೆಳು ಪೊರೆ ಇರುತ್ತದೆ, ಅದೇ ಆ ತೂತುಗಳಿಗೆ ಮುಚ್ಚಳ. ನಾವೋ ಚೊಕ್ಕ ಕಾಣಲಿ ಅಂತ ತೊಳೆದು ಅದನ್ನೇ ತೆಗೆದುಬಿಡುತ್ತೇವೆ! ತೊಳೆಯಬೇಡಿ. ಹೊಲಸು ಹತ್ತಿದ್ದರೆ ಒಣ ಬಟ್ಟೆಯಿಂದ ಒರೆಸಿ, ತೀರಾ ಹೊಲಸಾದದ್ದನ್ನು ಅವತ್ತೇ ಚೆನ್ನಾಗಿ ಬೇಯಿಸಿ ತಿನ್ನಿ. ದಿನಕ್ಕೆ ಎರಡು ಸಲ ಗೂಡು ನೋಡಿ. ಮರಿ ಮಾಡಿಸುವುದಿಲ್ಲ ಅಂದರೆ ಹುಂಜವನ್ನು ಬೇರೆ ಇಡಿ. ಹುಂಜ ಇಲ್ಲದಿದ್ದರೂ ಕೋಳಿ ತತ್ತಿ ಇಡುತ್ತದೆ. ಹುಂಜ ಕೂಡಿದ ತತ್ತಿಯಲ್ಲಾದರೆ ಬೇಸಿಗೆಯ ಸೆಕೆಗೇ ಮರಿ ಬೆಳೆಯಲು ಶುರುವಾಗಿ ಬೇಗ ಕೆಡುತ್ತದೆ.

ಇಡುವುದಕ್ಕೆ ಎರಡು ಮಣ್ಣಿನ ಗಡಿಗೆ ಸಾಕು, ಬಣ್ಣ ಬಳಿದಿರಬಾರದು. ದೊಡ್ಡದರ ತಳಕ್ಕೆ ಉಸುಕು ಹಾಕಿ ಸಣ್ಣದನ್ನು ಒಳಗಿಡಿ, ಸುತ್ತಲಿನ ಸಂದಿಗೂ ಉಸುಕು ತುಂಬಿ. ಆ ಉಸುಕಿಗೆ ಮಾತ್ರ ಬೆಳಿಗ್ಗೆ ಸಂಜೆ ನೀರು. ಒಳಗಡಿಗೆಯಲ್ಲಿ ಒಣ ಹುಲ್ಲು ಹಾಸಿ, ತತ್ತಿಯ ಚೂಪು ತುದಿ ಕೆಳಗೆ ಬರುವ ಹಾಗೆ ಜೋಡಿಸಿ, ಮೇಲೆ ತೆಳು ಬಟ್ಟೆ ಮುಚ್ಚಿ ಗಾಳಿಯಾಡುವ ನೆರಳಲ್ಲಿಡಿ. ಗದಗಿನ ಏಪ್ರಿಲ್ ಗಾಳಿ ಒಣ ಒಣ, ಅದಕ್ಕೇ ನೀರು ಬೇಗ ಆರಿ ಗಡಿಗೆ ತಣ್ಣಗಾಗುತ್ತದೆ. ಜೂನಿನ ಮಿರಗದ ಮಳೆ ಹಿಡಿದ ಮೇಲೆ ಈ ಉಪಾಯ ನಡೆಯೋದಿಲ್ಲ, ಸುಮ್ನೆ ಬೂಸ್ಟು ಹಿಡಿಯುತ್ತದೆ.

ಇನ್ನೂ ಜಾಸ್ತಿ ದಿನ ಬೇಕಾದರೆ ಸುಣ್ಣದ ನೀರು. ಕಬ್ಬಿಣದ ಬಕೆಟ್ಟಿನಲ್ಲಿ 1 ಕೆಜಿ ಸುಣ್ಣದ ಹರಳು ಹಾಕಿ, 1 ಲೀಟರ್ ಕುದಿಯುವ ನೀರನ್ನು ದೂರ ನಿಂತು ಸ್ವಲ್ಪ ಸ್ವಲ್ಪವೇ ಹೊಯ್ಯಿರಿ, ಅದು ಕೊತಕೊತ ಕುದಿದು ಸಿಡಿಯುತ್ತದೆ, ಹುಡುಗರನ್ನು ಹತ್ತಿರ ಬಿಡಬೇಡಿ. ಆರಿದ ಮೇಲೆ 5 ಲೀಟರ್ ನೀರು, ಕಾಲು ಕೆಜಿ ಉಪ್ಪು ಕಲಸಿ ಬಟ್ಟೆಯಲ್ಲಿ ಸೋಸಿ. ತಾಜಾ ತತ್ತಿಯನ್ನು ರಾತ್ರಿಯಿಡೀ, ಅಂದರೆ 14ರಿಂದ 16 ತಾಸು ಅದರಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ. ಫ್ರಿಜ್ಜಿಲ್ಲದೆ ಮೂರು ನಾಲ್ಕು ವಾರ ಬರುತ್ತದೆ. ಕುದಿಸುವಾಗ ಮಾತ್ರ ದಪ್ಪ ತುದಿಗೆ ಸೂಜಿಯಿಂದ ಚುಚ್ಚಿ. ತೂತೆಲ್ಲ ಸುಣ್ಣದಿಂದ ಮುಚ್ಚಿರುತ್ತವಲ್ಲ, ಒಳಗಿನ ಗಾಳಿಗೆ ದಾರಿ ಇಲ್ಲದೆ ಟಪ್ ಅಂತ ಒಡೆಯುತ್ತದೆ.

ಈಗ ಆಕಳು. ಒಣ ಕಣಿಕೆ, ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತವೆ, ಅಷ್ಟೇ. ಭತ್ತದ ಹುಲ್ಲಿನಲ್ಲಿ ಪ್ರೋಟೀನು ಶೇ 3–4 ಮಾತ್ರ. ಯೂರಿಯಾ ಹಾಕಿ ಮಾಗಿಸಿದರೆ ಅದು ಶೇ 7–8ರ ಹತ್ತಿರ ಬರುತ್ತದೆ, ನಾರೂ ಮೆತ್ತಗಾಗುತ್ತದೆ. ಆಕಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾದ ಸಾರಜನಕದಿಂದಲೇ ಪ್ರೋಟೀನು ಕಟ್ಟಿಕೊಳ್ಳುತ್ತವೆ.

ಅಳತೆ ಬಾಯಿಪಾಠ ಮಾಡಿಕೊಳ್ಳಿ: 100 ಕೆಜಿ ಒಣ ಮೇವು, 4 ಕೆಜಿ ಯೂರಿಯಾ, 50 ಲೀಟರ್ ನೀರು. ಕಣ್ಣಳತೆ ಬೇಡವೇ ಬೇಡ, ಜಾಸ್ತಿಯಾದರೆ ವಿಷ. ಕಣಿಕೆ ಕತ್ತರಿಸಿ, ತಾಡಪತ್ರಿಯ ಮೇಲೆ 10 ಕೆಜಿ ಹರಡಿ, ಚೆನ್ನಾಗಿ ಕರಗಿದ ಯೂರಿಯಾ ನೀರನ್ನು 5 ಲೀಟರ್ ಚಿಮುಕಿಸಿ, ತುಳಿಯಿರಿ. ಮತ್ತೆ ಒಂದು ಪದರ, ಮತ್ತೆ ನೀರು, ಮತ್ತೆ ತುಳಿತ. ಹತ್ತು ಪದರವಾದ ಮೇಲೆ ಗಾಳಿ ಹೋಗದಂತೆ ಮುಚ್ಚಿ, ಅಂಚಿಗೆ ಮಣ್ಣು ಒಟ್ಟಿ 21 ದಿನ ಮುಟ್ಟಬೇಡಿ. ನಮ್ಮ ಮೊದಲ ಸಲದ್ದು ಅರ್ಧ ಹಾಳಾಯಿತು. ತಾಡಪತ್ರಿಯ ಮೂಲೆಯಲ್ಲಿ ಇಲಿ ಕಡಿದ ತೂತು, ಎರಡು ಬೆರಳಷ್ಟು, ಯಾರೂ ನೋಡಿರಲಿಲ್ಲ. ತೆಗೆದಾಗ ಆ ಕಡೆಯ ಮೇವೆಲ್ಲ ಕಪ್ಪಗೆ, ಬೂಸ್ಟಿನ ವಾಸನೆ. ಎಲ್ಲ ತಿಪ್ಪೆಗೆ ಹೋಯಿತು. ಚೆನ್ನಾಗಿ ಮಾಗಿದ್ದು ಹಳದಿ ಕಂದು ಬಣ್ಣಕ್ಕೆ ತಿರುಗಿ, ಅಮೋನಿಯಾದ ಘಾಟು ಮೂಗಿಗೆ ಹೊಡೆಯುತ್ತದೆ.

ಆ ಘಾಟು ಹೋಗುವವರೆಗೆ ಒಂದೆರಡು ತಾಸು ಹರಡಿ, ಆಮೇಲೆ ಹಾಕಿ. ಮೊದಲು ದಿನಕ್ಕೆ ಒಂದು ಕೆಜಿ ಮಾಮೂಲಿ ಮೇವಿನಲ್ಲಿ ಬೆರೆಸಿ, ವಾರದಲ್ಲಿ ಹೆಚ್ಚಿಸುತ್ತಾ ಹೋಗಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ಕಲಸಿದ ಬಕೆಟ್ಟನ್ನು ದನ ಬಾಯಿ ಹಾಕುವ ಜಾಗದಲ್ಲಿ ಬಿಡಲೇಬೇಡಿ.

ಶೇಂಗಾ ಹೊಟ್ಟು (ಕಾಯಿ ಬಿಡಿಸಿ ಉಳಿದ ಒಣ ಬಳ್ಳಿ, ಕಾಯಿಯ ಸಿಪ್ಪೆಯಲ್ಲ), ಕಡಲೆ ಹೊಟ್ಟು ಮನೆಯಲ್ಲಿದ್ದರೆ ಮಾರುವ ಮೊದಲು ಎರಡು ಸಲ ಯೋಚಿಸಿ, ಶೇಂಗಾ ಹೊಟ್ಟಂತೂ ಬರೀ ಕಣಿಕೆಗಿಂತ ಎಷ್ಟೋ ಮೇಲು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯುವ ಹಸಿರು ಮೇವು) ಬೆಳೆಸಿ ಅಂತ ಎಲ್ಲರೂ ಹೇಳುತ್ತಾರೆ, ಒಳ್ಳೆಯದೇ, ಆದರೆ ವಾರಕ್ಕೊಮ್ಮೆ ನಳ ಬರುವ ಊರಲ್ಲಿ ಆ ನೀರನ್ನು ಆಕಳಿಗೇ ಕುಡಿಸಿ ಅನ್ನುವವನು ನಾನು. ಹಾಲಿನಲ್ಲಿ ಶೇ 87ರಷ್ಟು ನೀರೇ ಅಲ್ವಾ? ಸಂಜೆ ಕಟ್ಟಿದ ಆಕಳು ಬೆಳಗಿನವರೆಗೆ ಗುಟುಕು ನೀರಿಲ್ಲದೆ ನಿಲ್ಲುವ ಮನೆಗಳು ಎಷ್ಟೋ ಇವೆ. ಇವತ್ತು ರಾತ್ರಿ ಗೋದಲಿಯ ಪಕ್ಕ ನೀರು ತುಂಬಿದ ಒಂದು ಬಕೆಟ್ಟು ಇಟ್ಟು ಮಲಗಿ, ಬೆಳಿಗ್ಗೆ ಎಷ್ಟು ಉಳಿದಿದೆ ನೋಡಿ.